ಬಾಡು ಬಿಟ್ಟೆ, ಮೊಸರು ಬಿಡೋಕೆ ಆಗ್ತಿಲ್ಲ: ವೀಗನ್ ಆಗಿ 23 ದಿನ

ಹಾಸನದ ಸೊಪ್ಪು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತು ಇದ್ದವರು ಓದಿ.

ನಾನು ಹಾಸನ ಕಡೆಯವಳು, ಬೆಂಗಳೂರಲ್ಲಿ ಕೆಲಸ, ವಯಸ್ಸು 31. ಭಾನುವಾರ ಅಂದರೆ ಮನೆಯಲ್ಲಿ ಬಾಡು ಇರಲೇಬೇಕು ಅನ್ನುವ ಜನ ನಾವು. ಹೋದ ತಿಂಗಳು ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರ ಹಸು ಕರು ಹಾಕಿ ಹತ್ತು ದಿನ ಆಗಿತ್ತು. ಗಂಡುಕರು. ಸಂಜೆ ಯಾರೋ ಬಂದು ಟೆಂಪೋದಲ್ಲಿ ತೆಗೆದುಕೊಂಡು ಹೋದರು. ಆ ಹಸು ಎರಡು ರಾತ್ರಿ ಕೂಗಿತು. ನಾನು ಮಲಗಿದ್ದ ಕೋಣೆಗೂ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಬೆಳಗ್ಗೆ ದೊಡ್ಡಮ್ಮ ಲೋಟದ ತುಂಬ ನೊರೆಹಾಲಿನ ಕಾಫಿ ತಂದುಕೊಟ್ಟರು, ಕುಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ತಿಂಗಳು ಬಿಟ್ಟು ನೋಡೋಣ ಅನ್ನಿಸಿತು. ಬಾಡು, ಮೊಟ್ಟೆ, ಹಾಲು, ಮೊಸರು, ತುಪ್ಪ, ಜೇನು, ಪ್ರಾಣಿಯಿಂದ ಬರುವುದು ಎಲ್ಲ. ಇದಕ್ಕೇ ವೀಗನ್ ಅನ್ನುವುದು.

ಇವತ್ತಿಗೆ 23 ದಿನ. ಬಾಡು ಬಿಟ್ಟಿದ್ದು ಕಷ್ಟವೇ ಆಗಲಿಲ್ಲ, ನನಗೇ ಆಶ್ಚರ್ಯ. ಮೊಟ್ಟೆ ನೆನಪೇ ಆಗುವುದಿಲ್ಲ. ಆದರೆ ಮೊಸರು! ಊಟದ ಕೊನೆಯಲ್ಲಿ ಒಂದು ತುತ್ತು ಮೊಸರನ್ನ ಇಲ್ಲದಿದ್ದರೆ ಊಟ ಮುಗಿದ ಹಾಗೇ ಅನ್ನಿಸುವುದಿಲ್ಲ. ತಟ್ಟೆ ಮುಂದೆ ಸುಮ್ನೆ ಕೂತಿರುತ್ತೇನೆ, ಇನ್ನೂ ಏನೋ ಬರಬೇಕು ಅನ್ನುವ ಹಾಗೆ.

ಎರಡನೆಯದು ಕಾಫಿ. ಪ್ಯಾಕೆಟ್ ಸೋಯಾ ಹಾಲು ತಂದು ಡಿಕಾಕ್ಷನ್‌ಗೆ ಹಾಕಿದರೆ ಒಡೆದು ಹೋಯಿತು, ಲೋಟದಲ್ಲಿ ಒಳ್ಳೆ ಪನೀರ್ ತೇಲುತ್ತಿತ್ತು. ಓಟ್ಸ್ ಹಾಲು ಪರವಾಗಿಲ್ಲ, ಆದರೆ ಲೀಟರಿಗೆ ನಾನು ಕೊಟ್ಟಿದ್ದು 280 ರೂಪಾಯಿ.

ಮೂರನೆಯದು ಅಮ್ಮ. ಹೋದ ವಾರ ಬಂದಿದ್ದರು. ಸೊಪ್ಪಿನ ಸಾರು ಮಾಡಿದರು, ಬಾಯಿಗಿಟ್ಟ ತಕ್ಷಣ ಗೊತ್ತಾಯಿತು. "ಅಮ್ಮ, ತುಪ್ಪದ ಒಗ್ಗರಣೆನಾ?" ಅಂದೆ. "ಇಲ್ಲ ಕಣೆ, ಎಣ್ಣೆದೇ" ಅಂದರು, ನನ್ನ ಮುಖ ನೋಡದೆ. ಅವರ ಕೈ ಹಿಡಿದು ಮೂಸಿದೆ, ಅಂಗೈ ತುಂಬ ತುಪ್ಪದ ವಾಸನೆ. "ಸೊರಗಿ ಹೋಗಿದ್ದೀಯಾ, ಒಂದು ಚಮಚ ತುಪ್ಪಕ್ಕೆ ಯಾವ ಹಸು ಸಾಯುತ್ತೆ ಹೇಳು" ಅಂತ ಅವರೇ ಅಳು. ತಿಂದೆ. ಅವತ್ತಿನ ಲೆಕ್ಕ ಏನಾಗುತ್ತದೋ ಗೊತ್ತಿಲ್ಲ.

ಇನ್ನೊಂದು, ಕಾಳು ಜಾಸ್ತಿ ಮಾಡಿದ ಮೇಲೆ ಹೊಟ್ಟೆ ಸದಾ ಉಬ್ಬರ. ಆಫೀಸ್ ಮೀಟಿಂಗ್‌ನಲ್ಲಿ ಕೂರುವುದೇ ಕಷ್ಟ, ಜಾಸ್ತಿ ಬಿಡಿಸಿ ಹೇಳುವುದಿಲ್ಲ.

ತಿಂಗಳಾದ ಮೇಲೂ ಮುಂದುವರಿಸುವ ಆಸೆ ಇದೆ. ಆರು ತಿಂಗಳಿಗಿಂತ ಜಾಸ್ತಿ ಮಾಡಿದವರು ಯಾರಾದರೂ ಇದ್ದರೆ ನಿಜ ಹೇಳಿ. ಯೂಟ್ಯೂಬ್ ಲಿಂಕ್ ಬೇಡ, ಮುಖ ಹೊಳೆಯುವ ಜನರನ್ನು ನೋಡಿ ಸಾಕಾಗಿದೆ.

ಮೈಸೂರು ಮೆಣಸು

ನಾನು ವೀಗನ್ ಆಗಿ ನಾಲ್ಕೂವರೆ ವರ್ಷ. ನಿಮ್ಮ ಪೋಸ್ಟ್ ಓದಿ ನಗುವೂ ಬಂತು, ನನ್ನ ಅತ್ತೆಯವರ ನೆನಪೂ ಬಂತು. ಅವರು ತುಪ್ಪವನ್ನು "ದೀಪದ ಎಣ್ಣೆ" ಅಂತ ಹೇಳಿ ಚಪಾತಿಗೆ ಹಚ್ಚಿದ್ದರು. ದೀಪದ ಎಣ್ಣೆ ಚಪಾತಿಗೆ ಯಾಕೆ ಅತ್ತೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಮೊದಲು ಮೊಸರಿನ ವಿಷಯ. ಕಡಲೆಕಾಯಿ ಬೀಜದ ಮೊಸರು ಮಾಡಿ. ಒಂದು ಲೋಟ ಹಸಿ ಬೀಜ ರಾತ್ರಿ ನೆನೆಸಿ, ಬೆಳಗ್ಗೆ ಸಿಪ್ಪೆ ಉಜ್ಜಿ ತೆಗೆಯಿರಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ, ಸಿಪ್ಪೆ ಇದ್ದರೆ ಕಹಿ ಒಗರು ಬರುತ್ತದೆ. ಮೂರು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಬಂದ ಹಾಲನ್ನು ಕೈ ಬಿಡದೆ ತಿರುಗಿಸುತ್ತಾ ಕುದಿಸಿ, ತಳ ಹಿಡಿಯುವುದು ಬೇಗ. ಬೆರಳಿಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಹೆಪ್ಪು ಹಾಕಬೇಕು. ಹಸುವಿನ ಮೊಸರೇ ಇಲ್ಲದ ಮೇಲೆ ಹೆಪ್ಪು ಎಲ್ಲಿಂದ? ಹಸಿಮೆಣಸಿನಕಾಯಿ ತೊಟ್ಟು! ಎಂಟು ಹತ್ತು ತೊಟ್ಟು ತೊಳೆದು ಹಾಲಿನೊಳಗೆ ಮುಳುಗಿಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ತೊಟ್ಟಿನ ಮೇಲಿರುವ ಬ್ಯಾಕ್ಟೀರಿಯಾಗಳೇ ಹೆಪ್ಪಿನ ಕೆಲಸ ಮಾಡುತ್ತವೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ ಹೊತ್ತು ಬೇಕು.

ಮೊದಲ ಸಲ ಬಂದಿದ್ದನ್ನು ತಿಂದು ನನ್ನನ್ನು ಬೈಯಬೇಡಿ. ಅದು ಚೆನ್ನಾಗಿರುವುದಿಲ್ಲ. ಹಸಿ ಬೀಜದ ವಾಸನೆ, ಮೆಣಸಿನ ಘಾಟು, ಮೇಲೆ ನೀರು. ಅದರಲ್ಲಿ ಎರಡು ಚಮಚ ಎತ್ತಿಟ್ಟು ಎರಡನೆಯ ಸಲಕ್ಕೆ ಹೆಪ್ಪು ಹಾಕಿ, ಆಗ ಗಟ್ಟಿಯಾಗುತ್ತದೆ. ಮೂರನೆಯ ಸಲಕ್ಕೆ ನೀವೇ ನಂಬುವುದಿಲ್ಲ. ಗುಲಾಬಿ ಬಣ್ಣ ತಿರುಗಿದರೆ ಅಥವಾ ಕೆಟ್ಟ ವಾಸನೆ ಬಂದರೆ ಮಾತ್ರ ಯೋಚನೆ ಮಾಡದೆ ಚೆಲ್ಲಿ. ಬರೀ ತಿಂದರೆ ಹಸುವಿನ ಮೊಸರಲ್ಲ ಅಂತ ಗೊತ್ತಾಗುತ್ತದೆ. ಆದರೆ ಶುಂಠಿ, ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆ ಕೊಟ್ಟು ಮಾವಿನಕಾಯಿ ಹೆಚ್ಚಿ ಹಾಕಿದ ಅನ್ನದಲ್ಲಿ ನನ್ನ ಗಂಡನಿಗೆ ಎರಡು ವಾರ ಗೊತ್ತಾಗಲಿಲ್ಲ. ಮಜ್ಜಿಗೆಹುಳಿಗಂತೂ ಹೇಳಿ ಮಾಡಿಸಿದ ಹಾಗೆ, ಹೇಗೂ ತೆಂಗಿನಕಾಯಿ ರುಬ್ಬಿ ಹಾಕುತ್ತೇವಲ್ವಾ.

ಕಾಫಿ: ಸೋಯಾ ಹಾಲು ಒಡೆಯುವುದು ಡಿಕಾಕ್ಷನ್ ಹುಳಿಗೂ ಬಿಸಿಗೂ ಸೇರಿ. ಕುದಿಯುವ ಡಿಕಾಕ್ಷನ್‌ಗೆ ತಣ್ಣನೆ ಹಾಲು ಸುರಿಯಬೇಡಿ. ಹಾಲನ್ನು ಬೆಚ್ಚಗೆ ಮಾಡಿ, ಡಿಕಾಕ್ಷನ್ ಸ್ವಲ್ಪ ಆರಿಸಿ, ಹಾಲಿಗೆ ಡಿಕಾಕ್ಷನ್ ನಿಧಾನ ಬಿಡಿ. ಮನೆಯಲ್ಲೇ ಓಟ್ಸ್ ಹಾಲು ಮಾಡಿ ಕಾಯಿಸಿದರೆ ಲೋಳೆ ಲೋಳೆ ಆಗುತ್ತದೆ, ಆ ಸಾಹಸ ಬೇಡ. ಅದರ ಬದಲು ಒಂದು ಲೋಟ ಕಾಫಿಗೆ ಏಳೆಂಟು ಗೋಡಂಬಿ ನೆನೆಸಿ ರುಬ್ಬಿ. ಕಾಯಿಸಿದರೆ ತಾನೇ ಗಟ್ಟಿಯಾಗುತ್ತದೆ, ಸೋಸುವ ಗೋಜೂ ಇಲ್ಲ.

ಹೊಟ್ಟೆ ಉಬ್ಬರಕ್ಕೆ: ಕಾಳನ್ನು ಒಮ್ಮೆಲೇ ಜಾಸ್ತಿ ಮಾಡಿದ್ದೀರಿ. ಸ್ವಲ್ಪದಿಂದ ಶುರು ಮಾಡಿ, ನೆನೆಸಿದ ನೀರು ಚೆಲ್ಲಿ, ಮೊಳಕೆ ಬರಿಸಿ, ಇಂಗು ಜೀರಿಗೆ ಮರೆಯಬೇಡಿ. ಮೂರು ನಾಲ್ಕು ವಾರದಲ್ಲಿ ಹೊಟ್ಟೆಗೆ ರೂಢಿ ಆಗುತ್ತದೆ. ಮೊದಲು ಹೆಸರುಕಾಳು, ಆಮೇಲೆ ಹುರುಳಿ, ಕಡಲೆ ಕೊನೆಗೆ.

ಮತ್ತೆ ವಿಟಮಿನ್ ಬಿ12. ಇದೊಂದರಲ್ಲಿ ಮಾತ್ರ ಹುಡುಗಾಟ ಬೇಡ. ಗಿಡದ ಆಹಾರದಲ್ಲಿ ಇದು ನಂಬುವಷ್ಟು ಸಿಗುವುದಿಲ್ಲ. ಇದನ್ನು ತಯಾರು ಮಾಡುವುದು ಬ್ಯಾಕ್ಟೀರಿಯಾ, ಗಿಡವೂ ಅಲ್ಲ ಪ್ರಾಣಿಯೂ ಅಲ್ಲ. ದಿನಕ್ಕೆ ಬೇಕಾಗಿರುವುದು ಎರಡು ಮೈಕ್ರೋಗ್ರಾಂ ಚಿಲ್ಲರೆ ಅಷ್ಟೇ, ಆದರೆ ಅಷ್ಟು ಬೇಕೇ ಬೇಕು. ಈಗಲೇ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಿ. ಸೊಪ್ಪು ತಿಂದರೆ ಸಾಕು, ಸ್ಪಿರುಲಿನಾ ಪಾಚಿ ಪುಡಿ ಸಾಕು ಅನ್ನುವವರ ಮಾತು ಕೇಳಬೇಡಿ.

ರೊಟ್ಟಿಬುಟ್ಟಿ

ಅಕ್ಕಾರ, ನಮ್ಮ ಬಾಗಲಕೋಟೆ ಕಡೆ ಬಂದುಬಿಡಿ. ವೀಗನ್ ಅನ್ನುವ ಹೆಸರು ಗೊತ್ತಿಲ್ಲದೆಯೇ ನಮ್ಮ ಅವ್ವ ಅರವತ್ತು ವರ್ಷ ಅದನ್ನೇ ಮಾಡಿದ್ದಾರೆ. ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಇದರಲ್ಲಿ ಹಾಲು ಎಲ್ಲಿದೆ ಹೇಳಿ? ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಕಟ್ಟಿಕೊಂಡು ಹೋಗುವ ಬುತ್ತಿ ನೋಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ತುಪ್ಪ ಬೇಡ ಅಂದರೆ ಮುಗಿಯಿತು. ಅಗಸಿಯಲ್ಲಿ ಒಮೆಗಾ 3 ಇದೆ ಅಂತ ಈಗ ಬೆಂಗಳೂರಲ್ಲಿ ಸಣ್ಣ ಡಬ್ಬಿಗೆ ಹಾಕಿ ಮಾರುತ್ತಾರೆ, ನಮ್ಮಲ್ಲಿ ಅದು ರೊಟ್ಟಿ ಮೇಲೆ ಎಣ್ಣೆ ಹಾಕಿಕೊಂಡು ತಿನ್ನುವ ಪುಡಿ ಅಷ್ಟೇ.

ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ಆ ಬುಟ್ಟಿಯ ಪಕ್ಕದಲ್ಲೇ ಒಂದು ಗಡಿಗೆ ಗಟ್ಟಿ ಮೊಸರೂ ಇರುತ್ತದೆ. ಖಾರ ಚಟ್ನಿಗೆ ಕೆನೆಮೊಸರು ಬಿದ್ದಾಗ ಆಗುವ ಸುಖ, ಅದಕ್ಕೆ ಬದಲಿ ನನಗೆ ಇನ್ನೂ ಸಿಕ್ಕಿಲ್ಲ. ನಾನು ವೀಗನ್ ಅಲ್ಲ, ಆಗುವವನೂ ಅಲ್ಲ. ಸುಮ್ನೆ ನಿಮ್ಮ ಊಟದ ಪಟ್ಟಿ ಉದ್ದ ಮಾಡೋಣ ಅಂತ ಬಂದೆ. ಶೇಂಗಾ ಮೊಸರು ಛಲೋ ಬಂದರೆ ತಿಳಿಸಿ.

ಕೊಟ್ಟಿಗೆ ಮನೆ

ಮೇಡಂ, ನಾನು ಮಧುಗಿರಿ ಕಡೆಯವನು. ಎರಡು ಎಚ್‌ಎಫ್ (ವಿದೇಶಿ ತಳಿ) ಹಸು, ಒಂದು ನಾಟಿ ಹಸು. ದಿನಾ ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತೇನೆ. ನೀವು ಹಾಲು ಬಿಟ್ಟರೆ ನನಗೆ ಕೋಪವಿಲ್ಲ. ಬೇಕಾದವರು ಕುಡಿಯಲಿ, ಬೇಡದವರು ಬಿಡಲಿ. ಆದರೆ ನಿಮ್ಮ ದೊಡ್ಡಮ್ಮನ ಬಗ್ಗೆ ಯಾರೂ ತಪ್ಪು ತಿಳಿಯಬಾರದು ಅಂತ ಬರೆಯುತ್ತಿದ್ದೇನೆ.

ಆ ಕೂಗು ನಮಗೂ ಕೇಳಿಸುತ್ತದೆ. ಮೊದಲೆಲ್ಲ ಗಂಡುಕರು ಹುಟ್ಟಿದರೆ ಖುಷಿ, ಹೊಲ ಉಳುವುದಕ್ಕೆ ಎತ್ತಾಗುತ್ತಿತ್ತು. ಈಗ ಟ್ರ್ಯಾಕ್ಟರ್. ಅದರಲ್ಲೂ ಎಚ್‌ಎಫ್ ಹೋರಿಗೆ ನಮ್ಮ ಬಿಸಿಲು ತಡೆಯುವುದಿಲ್ಲ, ಹಿಣಿಲು ಇಲ್ಲದೆ ನೊಗ ಕೂರುವುದಿಲ್ಲ. ದಿನಕ್ಕೆ ಮೂರು ಲೀಟರ್ ಹಾಲು ಅದಕ್ಕೆ ಬಿಟ್ಟರೆ ಬೂಸಾ, ಹಿಂಡಿಯ ದುಡ್ಡು ಎಲ್ಲಿಂದ? 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಮಾರುವುದೂ ಕಷ್ಟ, ಸಾಕುವುದೂ ಕಷ್ಟ. ಹೆಣ್ಣುಕರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತದೆ, ಹೋದ ವರ್ಷ ಹಾಕಿಸಿದೆ, ಒಂದು ನಿಂತಿತು, ಒಂದು ನಿಲ್ಲಲಿಲ್ಲ. ಟೆಂಪೋ ಎಲ್ಲಿಗೆ ಹೋಗುತ್ತದೆ ಅಂತ ನಾವು ಕೇಳುವುದಿಲ್ಲ. ಕೇಳಿದರೆ ಮರುದಿನ ಹಾಲು ಕರೆಯಲು ಕೈ ಬರುವುದಿಲ್ಲ. ಇದನ್ನು ನಾನು ಊರಲ್ಲಿ ಯಾರ ಮುಂದೆಯೂ ಹೇಳಿದವನಲ್ಲ, ಇಲ್ಲಿ ಹೆಸರಿಲ್ಲ ಅಂತ ಹೇಳುತ್ತಿದ್ದೇನೆ.

ಲೀಟರಿಗೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ, ಅದು ಸೇರಿದರೆ ಕೈಗೆ ಸ್ವಲ್ಪ ಹತ್ತುತ್ತದೆ. ನನ್ನ ಮಗಳ ಕಾಲೇಜು ಫೀಸು ಈ ಹಾಲಿಂದಲೇ. ಮಳೆ ಕೈಕೊಟ್ಟ ವರ್ಷ ಶೇಂಗಾ ಬಿತ್ತಿದ್ದು ಮಣ್ಣಾಯಿತು, ಹಸು ಮಾತ್ರ ಕೈ ಬಿಡಲಿಲ್ಲ.

ನನಗೆ ಸಿಟ್ಟು ಬರುವುದು ಯಾರ ಮೇಲೆ ಅಂದರೆ ಅಮೆರಿಕದಿಂದ ಬಂದ ಬಾದಾಮಿಯ ಹಾಲು ಕುಡಿದು ನಮಗೆ ಕರುಣೆಯ ಪಾಠ ಹೇಳುವವರ ಮೇಲೆ. ನೀವು ಹಾಗಲ್ಲ ಅನ್ನಿಸಿತು. ಕಡಲೆಕಾಯಿ ಮೊಸರು ಮಾಡುವುದಾದರೆ ಪಾವಗಡ, ಚಳ್ಳಕೆರೆ ಬೀಜ ಕೊಳ್ಳಿ ಮೇಡಂ, ಆಗಲೂ ದುಡ್ಡು ನಮ್ಮ ಕಡೆಗೇ ಬರುತ್ತದೆ.

ಒಂಬತ್ತೇ ತಿಂಗಳು

ನಿಜ ಹೇಳಿ ಅಂದಿರಿ, ಹೇಳುತ್ತೇನೆ. ನಾನು ಒಂಬತ್ತು ತಿಂಗಳು ವೀಗನ್ ಆಗಿದ್ದು, ಆಮೇಲೆ ಅದನ್ನು ಕೈಬಿಟ್ಟವನು.

ವಯಸ್ಸು 44, ಹುಟ್ಟಿನಿಂದ ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಐದು ವರ್ಷದಿಂದ ಮೆಟ್‌ಫಾರ್ಮಿನ್. ಹಾಲು ಬಿಟ್ಟರೆ ಸಕ್ಕರೆ ಇಳಿಯುತ್ತದೆ ಅಂತ ಯಾರೋ ಹೇಳಿದರು, ಬಿಟ್ಟೆ. ತೂಕ ಇಳಿದಿದ್ದು ಹೌದು. ಬೇಕರಿಗೆ ಹೋಗುವುದು ನಿಂತಿತ್ತು, ರಾತ್ರಿ ಊಟಕ್ಕೆ ಮುದ್ದೆ ಉಪ್ಸಾರು. ಅದು ವೀಗನ್ ಆಗಿದ್ದಕ್ಕೋ ಬೇಕರಿ ಬಿಟ್ಟಿದ್ದಕ್ಕೋ, ಯಾರಿಗೆ ಗೊತ್ತು.

ಏಳನೇ ತಿಂಗಳಲ್ಲಿ ಪಾದ ಜುಮ್ ಅನ್ನಲು ಶುರು. ಚಪ್ಪಲಿ ಕಾಲಿನಿಂದ ಜಾರಿಹೋಗಿದ್ದು ನನಗೆ ಗೊತ್ತಾಗಲಿಲ್ಲ, ಹಿಂದೆ ಬರುತ್ತಿದ್ದವರು ಕೂಗಿ ಹೇಳಿದರು. ನಾಲಿಗೆ ಉರಿ. ಸಕ್ಕರೆ ಕಾಯಿಲೆಯದೇ ಇರಬೇಕು ಅಂದುಕೊಂಡು ಎರಡು ತಿಂಗಳು ಹಾಳು ಮಾಡಿದೆ. ಕೊನೆಗೆ ಬಿ12 ಪರೀಕ್ಷೆ ಮಾಡಿಸಿದರೆ 142. ಲ್ಯಾಬ್ ಹಾಳೆಯಲ್ಲಿ 200ರ ಮೇಲೆ ಇರಬೇಕು ಅಂತ ಅಚ್ಚಾಗಿತ್ತು. ಡಾಕ್ಟರು ಬಿಡಿಸಿ ಹೇಳಿದ್ದು ಇಷ್ಟು: ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ, ನಮ್ಮ ಸಸ್ಯಾಹಾರಿಗಳಲ್ಲಿ ಹಾಲು ಮೊಸರು ತಿನ್ನುವವರಿಗೇ ಇದು ಕಮ್ಮಿ ಇರುವುದು ಸಾಮಾನ್ಯ, ನಾನು ಇದ್ದಿದ್ದನ್ನೂ ತೆಗೆದುಹಾಕಿದೆ. ಲಿವರ್‌ನಲ್ಲಿ ವರ್ಷಗಟ್ಟಲೆಯ ದಾಸ್ತಾನು ಇರುತ್ತದೆ ಅಂತ ಓದಿ ಧೈರ್ಯವಾಗಿದ್ದೆ. ನನ್ನ ದಾಸ್ತಾನು ಮೊದಲೇ ಖಾಲಿ. ಮತ್ತೊಂದು ಮೋಸ ಏನೆಂದರೆ, ಸೊಪ್ಪು ಕಾಳು ಜಾಸ್ತಿ ತಿಂದರೆ ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ಚೆನ್ನಾಗಿ ಸಿಗುತ್ತದೆ, ಅದರಿಂದ ಬಿ12 ಕೊರತೆಯ ರಕ್ತಹೀನತೆ ಎದ್ದು ಕಾಣುವುದಿಲ್ಲ, ಒಳಗೊಳಗೆ ನರಗಳಿಗೆ ಪೆಟ್ಟು ಬೀಳುತ್ತಿರುತ್ತದೆ.

ಇಂಜೆಕ್ಷನ್ ಆಯಿತು, ಜುಮ್ ಕಮ್ಮಿಯಾಯಿತು, ಎಡಗಾಲಿನ ಎರಡು ಬೆರಳು ಇನ್ನೂ ಪೂರ್ತಿ ಸರಿಯಿಲ್ಲ. ಮೊಸರು ತಿರುಗಿ ಶುರು ಮಾಡಿದೆ. ಹಾಲು ಮಾತ್ರ ಈಗಲೂ ಬೇಡ ಅನ್ನಿಸುತ್ತದೆ, ಅದರ ವಾಸನೆಯೇ ಆಗುವುದಿಲ್ಲ. ತಪ್ಪು ಆಹಾರದ್ದಲ್ಲ, ಪರೀಕ್ಷೆ ಮಾಡಿಸದೆ ಧುಮುಕಿದ ನನ್ನದು. ಮೈಸೂರಿನವರು ಹೇಳಿದ್ದನ್ನು ಎರಡು ಸಲ ಓದಿ.

ಕಾಯಿಹಾಲು

ನಾವು ಉಡುಪಿಯವರು. ಹಾಲು ಮೊಸರು ಬಿಡುವುದು ಅಂದರೆ ಎಲ್ಲರೂ ವಿದೇಶದಿಂದ ಬಂದ ಹುಚ್ಚು ಅನ್ನುತ್ತಾರಲ್ಲ, ನನ್ನ ಅಜ್ಜಿ ವರ್ಷ ವರ್ಷ ಬಿಡುತ್ತಿದ್ದರು! ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ, ಬೇಳೆಕಾಳಿಲ್ಲ. ಹಾಗಂತ ಇದು ವೀಗನ್ ಅಂತ ನಾನು ಹೇಳುತ್ತಿಲ್ಲ. ಹಾಲು ಬಿಟ್ಟ ತಿಂಗಳಲ್ಲಿ ಅಜ್ಜಿ ಮೊಸರು ಚೆನ್ನಾಗಿಯೇ ಉಣ್ಣುತ್ತಿದ್ದರು, ಕಾರಣವೂ ಬೇರೆ. ಆದರೆ ಬಿಟ್ಟು ಬದುಕುವ ಅಭ್ಯಾಸ ಅಡಿಗೆಮನೆಗೆ ಗೊತ್ತಿತ್ತು. ಕ್ಷೀರವ್ರತದಲ್ಲಿ ಪಾಯಸ ನಿಲ್ಲುತ್ತಿರಲಿಲ್ಲ, ಕಾಯಿಹಾಲು ಬರುತ್ತಿತ್ತು. ಹೆಸರುಬೇಳೆ, ಬೆಲ್ಲ, ಎರಡನೇ ಹಾಲಲ್ಲಿ ಬೇಯಿಸಿ ಕೊನೆಗೆ ದಪ್ಪ ಹಾಲು ಹಾಕಿ ಒಂದು ಕುದಿ ಬರುವ ಮೊದಲೇ ಇಳಿಸುವುದು. ಜಾಸ್ತಿ ಕುದಿಸಿದರೆ ಒಡೆಯುತ್ತದೆ, ಇದು ನಿಮ್ಮ ಸೋಯಾ ಹಾಲಿನ ಅಕ್ಕ.

ನಿಮ್ಮ ಅಮ್ಮನಿಗೆ ವೀಗನ್ ಅನ್ನಬೇಡಿ. ಆ ಪದ ಹುಟ್ಟಿದ್ದೇ 1944ರಲ್ಲಿ ಇಂಗ್ಲೆಂಡಿನಲ್ಲಿ, ಅವರಿಗೆ ಅದು ಯಾವುದೋ ಕಾಯಿಲೆಯ ಹೆಸರಿನ ಹಾಗೆ ಕೇಳಿಸುತ್ತದೆ. ವ್ರತ ಅನ್ನಿ. ನಮ್ಮ ಅಮ್ಮಂದಿರು ವ್ರತ ಕೆಡಿಸುವುದಿಲ್ಲ, ಡಯಟ್ ಮಾತ್ರ ಕೆಡಿಸುತ್ತಾರೆ.

ಇನ್ನೊಂದು, ಬೆಳಗ್ಗೆ ಕಾಫಿ ಬದಲು ಒಂದು ವಾರ ರಾಗಿ ಹಾಲು ಕುಡಿದು ನೋಡಿ. ರಾಗಿ ನೆನೆಸಿ ರುಬ್ಬಿ ಸೋಸಿ, ಬೆಲ್ಲ ಏಲಕ್ಕಿ ಹಾಕಿ, ಬೇಕಿದ್ದರೆ ಒಂದು ಚಮಚ ಎಳ್ಳು ಸೇರಿಸಿ ರುಬ್ಬಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ಮೈಗೆ ಹತ್ತುವುದು ಹಾಲಿನದೇ ಸುಲಭ, ಅದಕ್ಕೇ ರಾಗಿಯನ್ನು ನೆನೆಸಿ ಮೊಳಕೆ ಬರಿಸಬೇಕು. ಕಾಫಿ ಟೀಯನ್ನು ಊಟದ ಜೊತೆಗೆ ಕುಡಿಯಬೇಡಿ, ಕಬ್ಬಿಣಾಂಶ ಸರಿಯಾಗಿ ಹತ್ತುವುದಿಲ್ಲ, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ.

ಹಸಿರು ಚುಕ್ಕಿ

ಯಾರೂ ಹೇಳಲಿಲ್ಲ ಅಂತ ಒಂದು ಚಿಕ್ಕ ವಿಷಯ. ಪ್ಯಾಕೆಟ್ ಮೇಲಿನ ಹಸಿರು ಚುಕ್ಕಿ ನಂಬಬೇಡಿ, ಅದು ಸಸ್ಯಾಹಾರ ಅಂತ ಮಾತ್ರ ಹೇಳುತ್ತದೆ, ಹಾಲು ಜೇನು ಎಲ್ಲ ಅದರೊಳಗೇ ಬರುತ್ತದೆ. ಬಿಸ್ಕತ್ತು ತಿರುಗಿಸಿ ನೋಡಿ, ಹಾಲಿನ ಪುಡಿ ಇರುತ್ತದೆ. ವೀಗನ್‌ಗೆ ಬೇರೆ ಗುರುತು ಇದೆ, ಹಸಿರು ಬಣ್ಣದ 'ವಿ' ಅಕ್ಷರ, 2022ರಲ್ಲಿ ಅದಕ್ಕೆ ನಿಯಮವೂ ಬಂತು. ಹೋಟೆಲಲ್ಲಿ ದೋಸೆ ಹೇಳುವಾಗ "ಬರೀ ಎಣ್ಣೆ, ಬೆಣ್ಣೆ ತುಪ್ಪ ಬೇಡ" ಅಂತ ಕೌಂಟರಲ್ಲಿ ಅಲ್ಲ, ಕಾವಲಿ ಹತ್ತಿರ ನಿಂತು ಹೇಳಿ. ಕೌಂಟರಲ್ಲಿ ಹೇಳಿದ್ದು ಕಾವಲಿಗೆ ತಲುಪುವುದಿಲ್ಲ, ನನ್ನ ಅನುಭವ. ನಾನ್ ಹಿಟ್ಟಿಗೆ ಮೊಸರು ಕಲಸಿರುತ್ತಾರೆ. ವಿಟಮಿನ್ ಡಿ3 ಮಾತ್ರೆ ಬಹಳಷ್ಟು ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು, ಕ್ಯಾಪ್ಸೂಲ್ ಜೆಲಟಿನ್‌ದು (ಪ್ರಾಣಿಯ ಮೂಳೆ ಚರ್ಮದಿಂದ ಮಾಡಿದ್ದು) ಇರಬಹುದು. ಇಷ್ಟೆಲ್ಲ ಮೊದಲ ತಿಂಗಳೇ ನೋಡಲು ಹೋದರೆ ತಲೆ ಕೆಡುತ್ತದೆ, ನಿಧಾನಕ್ಕೆ.

ಬರ್ಲಿನ್ ಬಿಸಿಬೇಳೆ

ಇಲ್ಲಿ ಯಾವ ಅಂಗಡಿಗೆ ಹೋದರೂ ಓಟ್ಸ್ ಹಾಲು ಸಿಗುತ್ತದೆ, ಆದರೆ ಡಬ್ಬದ ಮೇಲೆ ಹಾಲು ಅಂತ ಬರೆಯುವ ಹಾಗಿಲ್ಲ, 'ಡ್ರಿಂಕ್' ಅಂತ ಬರೆಯುತ್ತಾರೆ, ಹಾಲು ಅನ್ನಬಾರದು ಅಂತ 2017ರಲ್ಲಿ ಯುರೋಪಿನ ಕೋರ್ಟು ಹೇಳಿದೆ. ನಮ್ಮ ಕಾಯಿಹಾಲಿಗೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಾಗಿರಲಿಲ್ಲ, ಅಲ್ವಾ? ಎರಡು ವರ್ಷದಿಂದ ವೀಗನ್. ಆಫೀಸಲ್ಲಿ ಯಾರೂ ಏನೂ ಕೇಳುವುದಿಲ್ಲ. ಕಷ್ಟವಾಗುವುದು ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ. ಒಬ್ಬಟ್ಟು ಹಿಡಿದು ನಿಂತ ಆಂಟಿಗೆ "ತುಪ್ಪ ಬೇಡ" ಅಂದರೆ ಮನೆತನಕ್ಕೇ ಅವಮಾನ ಮಾಡಿದ ಹಾಗೆ ನೋಡುತ್ತಾರೆ. ಈಗ ನಾನೇ ಎಣ್ಣೆಯಲ್ಲಿ ಇಪ್ಪತ್ತು ಒಬ್ಬಟ್ಟು ಬೇಯಿಸಿಕೊಂಡು ಹೋಗುತ್ತೇನೆ, ಮೊದಲು ಖಾಲಿಯಾಗುವುದು ಅದೇ. ಅದಕ್ಕೇ ಹಸಿದುಕೊಂಡು ಬರುತ್ತೇನೆ.

ಹಾಸನದ ಸೊಪ್ಪು

ಅಯ್ಯೋ ಇಷ್ಟೊಂದು ಬರೆದಿದ್ದೀರಿ. ಒಬ್ಬೊಬ್ಬರಿಗೆ ಉತ್ತರ ಕೊಡುವುದು ತಡವಾಯಿತು, ಕ್ಷಮಿಸಿ. ಇವತ್ತು 34ನೇ ದಿನ.

@ಒಂಬತ್ತೇ ತಿಂಗಳು, ನಿಮ್ಮ ಚಪ್ಪಲಿ ಕಥೆ ಓದಿ ಮರುದಿನವೇ ಲ್ಯಾಬಿಗೆ ಹೋದೆ. ಬಿ12 231. ಬಾಡು ಮೊಟ್ಟೆ ತಿನ್ನುತ್ತಿದ್ದ ನನಗೇ ಇಷ್ಟು ಕಮ್ಮಿ! ಡಾಕ್ಟರು ಮಾತ್ರೆ ಬರೆದುಕೊಟ್ಟರು, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಕಬ್ಬಿಣಾಂಶವೂ ಅಂಚಿನಲ್ಲಿದೆ. ನಿಂಬೆಹಣ್ಣು ಶುರು.

@ಕೊಟ್ಟಿಗೆ ಮನೆ, ನಿಮ್ಮ ಮಾತನ್ನು ದೊಡ್ಡಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ಟೆಂಪೋದವನು ಎಂಟುನೂರು ಕೊಟ್ಟ, ನಾನು ಎಣಿಸಿಕೊಳ್ಳಲಿಲ್ಲ" ಅಂದರು. ಅವರ ಮೇಲೆ ನನಗೆ ಬೇಜಾರು ಇರಲಿಲ್ಲ, ಇದ್ದಿದ್ದರೂ ಈಗ ಇಲ್ಲ. ಪಾವಗಡದ ಬೀಜ ಯಶವಂತಪುರದ ಮಂಡಿಯಲ್ಲಿ ಕೇಳಿದೆ, ಅಂಗಡಿಯವರು ಎಲ್ಲವೂ ಪಾವಗಡದ್ದೇ ಅಂದರು, ನಂಬಬೇಕೋ ಬಿಡಬೇಕೋ ನೀವೇ ಹೇಳಿ.

@ಮೈಸೂರು ಮೆಣಸು, ಮೊದಲ ಸಲದ ಮೊಸರು ನೀವು ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ನನ್ನ ಗಂಡ ಪಾತ್ರೆ ಮುಚ್ಚಳ ತೆಗೆದು ಹಾಗೇ ಮುಚ್ಚಿ ಬಾಲ್ಕನಿಗೆ ಹೋದರು. ಎರಡನೇ ಸಲ ಗಟ್ಟಿಯಾಯಿತು, ಹುಳಿ ಸಾಲದು. ಮೂರನೆಯದು ನಿನ್ನೆ ರಾತ್ರಿ ಹಾಕಿದ್ದು. ಬೆಳಗ್ಗೆ ಪಾತ್ರೆ ಓರೆ ಮಾಡಿದೆ, ಅಲುಗಾಡಲಿಲ್ಲ. ಚಮಚ ಹಾಕಿದರೆ ಕತ್ತರಿಸಿದ ಹಾಗೆ ಬಂತು. ಎರಡು ತುತ್ತು ಅನ್ನಕ್ಕೆ ಹಾಕಿ, ಒಗ್ಗರಣೆ ಇಲ್ಲದೆ, ಬರೀ ಉಪ್ಪು ಮತ್ತು ಅಮ್ಮ ಕಳಿಸಿದ ಮಾವಿನ ಉಪ್ಪಿನಕಾಯಿ ಜೊತೆ ನಿಂತುಕೊಂಡೇ ತಿಂದೆ. ಹಸುವಿನ ಮೊಸರಿನ ಹಾಗೆ ಅಂತ ಹೇಳುವುದಿಲ್ಲ. ಆದರೆ ಊಟ ಮುಗಿಯಿತು ಅನ್ನಿಸಿತು.

ಅಮ್ಮನಿಗೆ ವ್ರತ ಅಂದೆ, ಉಡುಪಿಯವರು ಹೇಳಿದ ಹಾಗೆ. "ಯಾವ ದೇವರದು?" ಅಂತ ಕೇಳಿದರು. ಉತ್ತರ ರೆಡಿ ಇರಲಿಲ್ಲ. ದೊಡ್ಡಮ್ಮನ ಹಸುವಿನ ಹೆಸರು ಗೌರಿ, ಅದನ್ನೇ ಹೇಳಿಬಿಟ್ಟೆ. "ಗೌರಿ ವ್ರತನಾ, ಸರಿ ಹಾಗಾದರೆ" ಅಂದರು. ಮುಂದಿನ ವಾರ ಬರುತ್ತಿದ್ದಾರೆ, ಎಣ್ಣೆ ಡಬ್ಬಿ ಅವರೇ ತರುತ್ತಾರಂತೆ, ಗಾಣದ್ದು.

ಕಾಫಿ ಮಾತ್ರ ಇನ್ನೂ ಸರಿಹೋಗಿಲ್ಲ. ಗೋಡಂಬಿಯದು ಪಾಯಸದ ಹಾಗೆ ಆಯಿತು, ಜಾಸ್ತಿ ಹಾಕಿದೆ ಅನ್ನಿಸುತ್ತದೆ. ಒಂದು ಲೋಟಕ್ಕೆ ಏಳೆಂಟು ಅಂದರೆ ಇಡೀ ಗೋಡಂಬಿನಾ, ಅರ್ಧ ಹೋಳಾ?